ಬಂಡೆಯ ಬುಡದ ನೆರೆಯವರು

ಮಧುಗಿರಿ ಬೆಟ್ಟದ ಮೇಲೆ ಹದ್ದುಗಳು ನಸುಕಿನಲ್ಲಿ ಎತ್ತರಕ್ಕೆ ಏರುವುದಿಲ್ಲ. ಊರಲ್ಲಿ ಹಾಲು, ಪೇಪರು ಬಂದು ಹೋಗಿ, ಮಕ್ಕಳು ಚೀಲ ಹೊತ್ತು ಶಾಲೆಗೆ ಹೊರಡುವ ಹೊತ್ತಿಗೆ ಒಂದೊಂದಾಗಿ ಮೇಲೇಳುತ್ತವೆ. ಅಷ್ಟರಲ್ಲಿ ಬಂಡೆಯ ಪೂರ್ವದ ಮೈಗೆ ಬಿಸಿಲು ಬಿದ್ದು ಒಂದೆರಡು ತಾಸಾಗಿರುತ್ತದೆ. ಮರಗಿಡ ಇರುವ ನೆಲದಲ್ಲಿ ಬಿಸಿಲಿನ ಬಹುಪಾಲು ಶಾಖ ಎಲೆಗಳ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಬರಿ ಕಲ್ಲು ಹಾಗಲ್ಲ, ಬೇಗ ಕಾಯುತ್ತದೆ. ಅದಕ್ಕೆ ತಾಗಿದ ಗಾಳಿಯೂ ಕಾದು, ಹಗುರಾಗಿ, ಕಂಬದಂತೆ ಮೇಲೇಳುತ್ತದೆ. ಹದ್ದು ಆ ಗಾಳಿಯೊಳಗೆ ರೆಕ್ಕೆ ಚಾಚಿ ಸುತ್ತು ಹೊಡೆಯುತ್ತ, ಹೆಚ್ಚು ಶ್ರಮವಿಲ್ಲದೆ ಸಾವಿರಾರು ಅಡಿ ಮೇಲಕ್ಕೆ ಹೋಗುತ್ತದೆ. ಮಧುಗಿರಿಯ ಬಸ್ ನಿಲ್ದಾಣದ ಕಡೆಯಿಂದ ಕತ್ತೆತ್ತಿ ನೋಡುವವರಿಗೂ ಇದು ಕಾಣುತ್ತದೆ. ಇದಕ್ಕೆ ಟಿಕೆಟ್ಟು ಬೇಡ, ಜೀಪು ಬೇಡ.

ಆ ಸುತ್ತಾಟದಲ್ಲಿ ಎಲ್ಲವೂ ಹದ್ದಲ್ಲ ಎನ್ನುವುದನ್ನು ಗಮನಿಸುವುದರಿಂದಲೇ ಪಕ್ಷಿವೀಕ್ಷಣೆ ಶುರುವಾಗುತ್ತದೆ. ಬಾಲದ ತುದಿ ಕವಲೊಡೆದಿದ್ದರೆ ಅದು ಮಾಮೂಲಿ ಹದ್ದು. ಬಾಲ ದುಂಡಗಿದ್ದು, ಮೈ ಇಟ್ಟಿಗೆ ಬಣ್ಣ, ತಲೆ ಎದೆ ಬಿಳಿ ಇದ್ದರೆ ಗರುಡ. ಹೊಟ್ಟೆಯಡಿ ಬಿಳಿಚಿಕೊಂಡಿದ್ದು, ಗಾಳಿಗೆದುರಾಗಿ ಒಂದೇ ಕಡೆ ತೇಲುತ್ತ ಕೆಳಗಿನ ಕುರುಚಲನ್ನು ದಿಟ್ಟಿಸುತ್ತಿದ್ದರೆ ಹಾವುಗಿಡುಗ. ಚೂಪು ರೆಕ್ಕೆಯ ಪಕ್ಷಿಯೊಂದು ಕಲ್ಲು ಬಿದ್ದಂತೆ ಎರಗಿ, ಹಾರುತ್ತಿರುವ ಪಾರಿವಾಳವನ್ನೇ ಹೊಡೆದರೆ ಅದು ಶಾಹೀನ್ ಚಾಣ. ಅದು ಕಡಿದಾದ ಬಂಡೆಯ ಚಾಚಿನಲ್ಲಿ ಮೊಟ್ಟೆಯಿಡುವ ಹಕ್ಕಿ.

ಈ ಆಕಾಶದಲ್ಲಿ ರಣಹದ್ದುಗಳೂ ಇರಬೇಕಿತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಔಷಧ ಸತ್ತ ದನದ ಮಾಂಸದ ಮೂಲಕ ಅವುಗಳ ಹೊಟ್ಟೆ ಸೇರಿತು, ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ಮುಂದಕ್ಕೆ ದೇಶದಾದ್ಯಂತ ಅವು ಸಾಯುತ್ತ ಹೋದವು. ಪಶುಚಿಕಿತ್ಸೆಯಲ್ಲಿ ಆ ಔಷಧಕ್ಕೆ ನಿಷೇಧ ಬಂದದ್ದು 2006ರಲ್ಲಿ. ಇದೇ ಬಂಡೆಸಾಲಿನ ದಕ್ಷಿಣದ ಭಾಗದಲ್ಲಿರುವ ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದಿದ್ದ ಕೆಲವೇ ರಣಹದ್ದುಗಳಿಗಾಗಿ 2012ರಲ್ಲಿ ಅಲ್ಲಿ ಧಾಮ ಘೋಷಿಸಬೇಕಾಯಿತು.

ಇದೇ ಬಂಡೆಸಾಲು ಎಂದೆ. ರಾಮನಗರದಿಂದ ಮಾಗಡಿ, ತುಮಕೂರು, ಕೊರಟಗೆರೆ, ಮಧುಗಿರಿ, ಪಾವಗಡ ಹಾದು ಬಳ್ಳಾರಿಯ ಕಡೆಗೆ ಸಾಗುವ ಗ್ರಾನೈಟಿನ ಪಟ್ಟಿಯೊಂದಿದೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಇದನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷ ಹಿಂದೆ ನೆಲದಾಳದಲ್ಲಿ ಕರಗಿದ್ದ ಶಿಲಾರಸ ತಣಿದು ಗಟ್ಟಿಯಾಯಿತು. ಮೇಲಿನ ಮಣ್ಣು, ಮೆದುಕಲ್ಲುಗಳೆಲ್ಲ ಸವೆದು ಹೋದ ಮೇಲೆ ಹೊರಬಿದ್ದ ಅದರ ಮೈಯೇ ಮಧುಗಿರಿಯ ಸುಮಾರು 3,930 ಅಡಿಯ ಏಕಶಿಲೆ, ಚನ್ನರಾಯನದುರ್ಗದ ಕೋಟೆ ಕಟ್ಟಿದ ಬೆಟ್ಟ, ಸಿದ್ದರಬೆಟ್ಟ, ಪಾವಗಡದ ದುರ್ಗ. ಪಾಳೆಯಗಾರರು ಈ ಕಡಿದಾದ ಬೆಟ್ಟಗಳನ್ನು ಶತ್ರುವಿಗೆ ಹೆದರಿ ಆರಿಸಿಕೊಂಡರು. ಕರಡಿ, ಚಿರತೆ, ಗೂಬೆಗಳಿಗೂ ಇಲ್ಲಿ ಸಿಕ್ಕಿದ್ದು ಅದೇ ಭದ್ರತೆ.

ಆದರೆ ನಮ್ಮ ಸೀಮೆಯ ಬಂಡೆ ಕೊಡುವುದು ಬರಿ ಆಶ್ರಯವಲ್ಲ, ನೀರನ್ನೂ ಕೊಡುತ್ತದೆ. ಬಯಲುಸೀಮೆಯ ಬೆಟ್ಟಗಳನ್ನು ಒಣಕಲ್ಲು ಎಂದು ತಳ್ಳಿಹಾಕುವವರು ಇದನ್ನು ಒಮ್ಮೆ ಲೆಕ್ಕ ಹಾಕಬೇಕು. ಒಂದು ಎಕರೆ ಬರಿ ಬಂಡೆಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಸುಮಾರು 40,000 ಲೀಟರ್. ಕಲ್ಲು ಅದನ್ನು ಹೀರುವುದಿಲ್ಲ. ಸ್ವಲ್ಪ ನೀರು ಮೇಲಿನ ದೊಣೆಗಳಲ್ಲಿ ನಿಲ್ಲುತ್ತದೆ, ಉಳಿದದ್ದು ಜಾರಿ ಬುಡದ ಮಣ್ಣಿಗೆ ಇಳಿಯುತ್ತದೆ. ಹೀಗಾಗಿ ಬೆಟ್ಟದ ಬುಡದ ಕಿರಿದಾದ ಪಟ್ಟಿಗೆ ಆಕಾಶದಿಂದ ಬಿದ್ದದ್ದಕ್ಕಿಂತ ಹೆಚ್ಚಿನ ಮಳೆ ದಕ್ಕುತ್ತದೆ. ಸುತ್ತಲ ಹೊಲಗಳು ಬಿರಿಯುವ ಮಾರ್ಚ್‌ನಲ್ಲೂ ಅಲ್ಲಿ ಆಲ, ಗೋಣಿ, ಬಸರಿ ಹಸಿರಾಗಿರುವುದಕ್ಕೆ ಇದೇ ಕಾರಣ. ಪ್ರಾಣಿ ಪಕ್ಷಿಗಳನ್ನು ಹುಡುಕುವವರು ಬೆಟ್ಟದ ತುದಿಗೆ ಓಡುತ್ತಾರೆ. ನನ್ನ ಸಲಹೆ ಬೇರೆ: ಕಲ್ಲು ಮುಗಿದು ಮಣ್ಣು ಶುರುವಾಗುವ ಆ ಅಂಚಿನಲ್ಲಿ ನಿಲ್ಲಿ. ತುಂಬ ದೂರ ಹೋಗಬೇಕಾಗಿಲ್ಲ, ಈ ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಕೊನೆಯ ಮನೆಯ ಹಿತ್ತಲಿಗೆ ಆ ಅಂಚು ತಾಗಿಕೊಂಡೇ ಇದೆ.

ಹಣ್ಣು ಬಿಟ್ಟ ಗೋಣಿಮರ ಸಿಕ್ಕರೆ ಅದರ ಕೆಳಗೆ ಒಂದು ಗಂಟೆ ಕೂತರೆ ಸಾಕು. ಕುಟ್ರ ಹಕ್ಕಿಗಳು, ಕೋಗಿಲೆ, ಗೊರವಂಕ, ಮಂಗಟ್ಟೆ, ಪಿಕಳಾರಗಳೆಲ್ಲ ಸರತಿಯಲ್ಲಿ ಬರುತ್ತವೆ. ಪಿಕಳಾರಗಳನ್ನು ಎಣಿಸುವಾಗ ಅವಸರ ಬೇಡ. ಬಾಲದ ಬುಡದಲ್ಲಿ ಕೆಂಪಿರುವುದು ಊರೊಳಗೂ ಇರುವ ಸಾಮಾನ್ಯ ಪಿಕಳಾರ. ಕಣ್ಣಿನ ಮೇಲೆ ಬಿಳಿಗೆರೆ ಇರುವುದು ಬಿಳಿಹುಬ್ಬಿನದು. ಇವೆರಡೂ ಅಲ್ಲದೆ, ತಲೆ ಮತ್ತು ಗಂಟಲು ಹಳದಿ, ಮೈ ಬೂದು, ಬಾಲದ ಬುಡದಡಿ ಮತ್ತೆ ಹಳದಿ ಕಂಡರೆ ಉಸಿರು ಬಿಗಿಹಿಡಿಯಿರಿ, ಅದು ಹಳದಿ ಕೊರಳಿನ ಪಿಕಳಾರ. ಥಾಮಸ್ ಜೆರ್ಡನ್ 1845ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಈ ಹಕ್ಕಿ ದಕ್ಷಿಣ ಭಾರತದ ಬಂಡೆಬೆಟ್ಟಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ನಂದಿಬೆಟ್ಟ, ದೇವರಾಯನದುರ್ಗಗಳಲ್ಲಿ ಇದನ್ನು ನೋಡಲೆಂದೇ ಹೊರದೇಶಗಳಿಂದ ಬರುತ್ತಾರೆ. ಮಲೆನಾಡಿನ ದಟ್ಟ ಕಾಡು ಇದಕ್ಕೆ ಒಗ್ಗದು, ಬಯಲಿನ ಹೊಲವೂ ಒಗ್ಗದು. ಬಂಡೆ, ಬಂಡೆಯ ಸಂದಿನಲ್ಲಿ ಕುರುಚಲು, ಕುರುಚಲಲ್ಲಿ ಸಣ್ಣ ಹಣ್ಣು, ಇಷ್ಟೂ ಒಟ್ಟಿಗೆ ಬೇಕು. ನಾಚಿಕೆಯ ಹಕ್ಕಿ ಬೇರೆ. ಪೊದೆಯಿಂದ ಪೊದೆಗೆ ತಗ್ಗಿನಲ್ಲೇ ಹಾರುತ್ತದೆ, ದನಿ ಕೇಳಿದ ಎಷ್ಟೋ ಹೊತ್ತಿನ ಮೇಲೆ ಒಮ್ಮೆ ಮುಖ ತೋರಿಸುತ್ತದೆ. ಕಲ್ಲುಗಣಿಗಾಗಿ ಒಂದು ಬೆಟ್ಟವನ್ನು ಒಡೆದರೆ ಅದು ಪಕ್ಕದ ಹೊಲದಲ್ಲಿ ಹೋಗಿ ನೆಲಸುವುದಿಲ್ಲ, ಆ ಬೆಟ್ಟದೊಂದಿಗೇ ಕಾಣೆಯಾಗುತ್ತದೆ.

ಸಂಜೆಯ ಪಾಳಿ ಕೊಂಬಿನ ಗೂಬೆಯದು. ಸೂರ್ಯ ಮುಳುಗಿ ಹತ್ತು ಹದಿನೈದು ನಿಮಿಷಕ್ಕೆ ಬಂಡೆಯ ನೆತ್ತಿಗೆ ಬಂದು ಕೂತು, ಗಂಭೀರವಾಗಿ ‘ಬೂ… ಹೂ’ ಎನ್ನುತ್ತದೆ. ಅದು ಹಗಲು ಕೂರುವ ಚಾಚಿನ ಕೆಳಗೆ ಹುಡುಕಿದರೆ ಬೂದು ಬಣ್ಣದ ಒಣ ಉಂಡೆಗಳು ಸಿಗುತ್ತವೆ. ಗೂಬೆ ಬೇಟೆಯನ್ನು ನುಂಗಿ, ಅರಗದ ಮೂಳೆ, ಕೂದಲನ್ನು ಹೀಗೆ ಉಂಡೆ ಕಟ್ಟಿ ಬಾಯಿಂದ ಉಗುಳುತ್ತದೆ. ಒಂದನ್ನು ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಇಲಿಯ ತಲೆಬುರುಡೆ, ಕಿತ್ತಳೆ ಬಣ್ಣದ ಉದ್ದ ಬಾಚಿಹಲ್ಲು, ತೊಡೆಮೂಳೆ ಒಂದೊಂದೇ ಬಿಡಿಬಿಡಿಯಾಗಿ ಬರುತ್ತವೆ. ಹೈಸ್ಕೂಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜೀವಶಾಸ್ತ್ರದ ಪಾಠ ನನಗೆ ಗೊತ್ತಿಲ್ಲ. ಶೇಂಗಾ, ರಾಗಿ ಬೆಳೆಯುವ ರೈತನ ಶತ್ರುಗಳನ್ನು ಇದು ರಾತ್ರಿಯಿಡೀ ಹಿಡಿಯುತ್ತದೆ. ಹಾಗಿದ್ದೂ ಅಪಶಕುನವೆಂದು ಕಲ್ಲು ಹೊಡೆಯುವವರಿದ್ದಾರೆ, ವಾಮಾಚಾರಕ್ಕೆ ಹಿಡಿದು ಮಾರುವವರೂ ಇದ್ದಾರೆ. ಈ ಮಾರಾಟ ಅಪರಾಧ, ಅದನ್ನು ಕಂಡವರು ಅರಣ್ಯ ಇಲಾಖೆಗೆ ತಿಳಿಸಲೇಬೇಕು.

ಇನ್ನು ಕರಡಿ. ಮಧುಗಿರಿ, ಕೊರಟಗೆರೆ, ಪಾವಗಡದ ಜನಕ್ಕೆ ಕರಡಿ ಕಥೆಯ ಪ್ರಾಣಿಯಲ್ಲ. ಹೊಲಕ್ಕೆ ನೀರು ಹಾಯಿಸಲು ಹೋದಾಗ ಎದುರಾಗುವ, ನಿಜವಾಗಿ ಹೆದರಿಕೆ ಹುಟ್ಟಿಸುವ ನೆರೆಯವನು. ಇದನ್ನು ನೋಡಲು ಹೋಗಬೇಡಿ, ಓದಲು ಹೋಗಿ. ಕರಡಿ ತನ್ನ ದಿನಚರಿಯನ್ನು ನೆಲದ ಮೇಲೆ ಬಿಟ್ಟು ಹೋಗುತ್ತದೆ. ಮಣ್ಣಿನ ದಾರಿಯಲ್ಲಿ ಅದರ ಹಿಂಗಾಲಿನ ಗುರುತು ಮನುಷ್ಯನ ಬರಿಗಾಲಿನ ಗುರುತಿನಂತಿರುತ್ತದೆ. ಆದರೆ ಬೆರಳುಗಳ ಮುಂದೆ ಉಗುರಿನ ಐದು ತೂತು ಕಾಣುತ್ತವೆ. ಮುಂಗಾಲಿನ ಉಗುರು ಸುಮಾರು 10 ಸೆಂಟಿಮೀಟರ್ ಉದ್ದ, ಸ್ವಲ್ಪ ಬಾಗಿದ್ದು. ಅದು ಇರುವುದು ಗೆದ್ದಲ ಹುತ್ತ ಅಗೆಯಲು. ಹುತ್ತವನ್ನು ಬಗೆದು, ಮೂತಿ ತೂರಿ, ಮೊದಲು ಜೋರಾಗಿ ಊದಿ ಮಣ್ಣು ಚೆದುರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ಉದ್ದ ತುಟಿಗಳನ್ನು ಕೊಳವೆಯಂತೆ ಮಾಡಿ ಗೆದ್ದಲನ್ನು ಹೀರುತ್ತದೆ. ಮೇಲಿನ ಸಾಲಿನ ನಡುವಿನ ಎರಡು ಬಾಚಿಹಲ್ಲು ಅದಕ್ಕೆ ಇಲ್ಲವೇ ಇಲ್ಲ, ಆ ಸಂದೇ ಹೀರುವ ದಾರಿ. ಈ ಸದ್ದು ರಾತ್ರಿಯ ಹೊತ್ತು ನೂರಾರು ಅಡಿ ದೂರಕ್ಕೆ ಕೇಳುತ್ತದೆ.

ಅದರ ಲದ್ದಿ ಋತುವಿನ ಪಂಚಾಂಗವಿದ್ದಂತೆ. ಎಲಚಿ ಬೀಜ ತುಂಬಿದ್ದರೆ ಚಳಿಗಾಲ, ಕಕ್ಕೆಕಾಯಿಯ ಬೀಜ ಬಂದರೆ ಬೇಸಿಗೆ ಹತ್ತಿರವಾಯಿತು, ಈಚಲ ಬೀಜ ಕಂಡರೆ ಮುಂಗಾರು ಬಾಗಿಲಲ್ಲಿದೆ. ಹೊಟ್ಟೆಯಿಂದ ಹಾದು ಬಂದ ಬೀಜಗಳಲ್ಲಿ ಬಹಳಷ್ಟು ಮೊಳೆಯುತ್ತವೆ. ಬೆಟ್ಟದ ಮೇಲೆ ಯಾರೂ ನೆಡದ ಕಕ್ಕೆಮರಗಳಲ್ಲಿ ಎಷ್ಟನ್ನು ಕರಡಿ ಬಿತ್ತಿದೆಯೋ!

ಕರಡಿ ಏಕೆ ಮೇಲೆ ಬೀಳುತ್ತದೆ ಎನ್ನುವುದಕ್ಕೂ ಕಾರಣವಿದೆ. ತಿನ್ನುವಾಗ ತನ್ನ ಸದ್ದಿನಲ್ಲಿ ಅದಕ್ಕೆ ನಮ್ಮ ಹೆಜ್ಜೆ ಕೇಳುವುದಿಲ್ಲ, ದೃಷ್ಟಿಯೂ ಮಂದ. ಹುಲಿ, ಚಿರತೆಗಳ ನಡುವೆ ಬಯಲುಕಾಡಿನಲ್ಲಿ ಬೆಳೆದ ಪ್ರಾಣಿ, ಮರ ಹತ್ತಿ ತಪ್ಪಿಸಿಕೊಂಡರೆ ಚಿರತೆಯೂ ಹತ್ತೀತು. ಅದಕ್ಕೆ ಎದುರಿಸಿ ನಿಲ್ಲುವುದೇ ಅದರ ಹುಟ್ಟುಗುಣ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯಂತೂ ಒಂದಡಿಯೂ ಹಿಂದೆ ಸರಿಯದು. ಹಾಗಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಬಂಡೆಗಳ ಸಂದಿಗೆ, ಗುಹೆಯ ಬಾಯಿಗೆ ಹೋಗಬಾರದು. ಒಬ್ಬರೇ ನಡೆಯಬಾರದು. ನಡೆಯುವಾಗ ಮಾತಾಡುತ್ತ ಸದ್ದು ಮಾಡುತ್ತ ನಡೆಯಬೇಕು. ಪಕ್ಷಿವೀಕ್ಷಕರ ಮೌನವ್ರತ ಕರಡಿಯ ಸೀಮೆಯಲ್ಲಿ ನಡೆಯದು. ಬೆಟ್ಟದ ಕಡಿದಾದ ಮೈಯಲ್ಲಿ ತೂಗುವ ಹೆಜ್ಜೇನಿನ ಹುಟ್ಟುಗಳ ವಿಷಯದಲ್ಲೂ ಎಚ್ಚರ ಬೇಕು: ಹೊಗೆ, ಕೂಗಾಟ, ಕಲ್ಲೆಸೆತ ಯಾವುದೂ ಸಲ್ಲದು. ಹೆಜ್ಜೇನಿನ ದಾಳಿ ಪ್ರಾಣಕ್ಕೇ ಎರವಾಗಬಹುದು.

ಈ ಕರಡಿ ಚಿರತೆಗಳ ನೆಲೆಯಾದ ತಿಮ್ಲಾಪುರದ ಕಾಡನ್ನು 2016ರಲ್ಲಿ ವನ್ಯಜೀವಿಧಾಮ ಮಾಡಲಾಗಿದೆ, ಸುಮಾರು 50 ಚದರ ಕಿಲೊಮೀಟರ್. ಧಾಮದ ಗಡಿ ಕಾಗದದ ಮೇಲಿನದು. ಚಿರತೆ ಅದರಾಚೆಯ ಬಂಡೆಗಳಲ್ಲೂ ಮಲಗುತ್ತದೆ, ಊರಂಚಿನ ನಾಯಿ ಕುರಿಗಳನ್ನು ಹಿಡಿಯುತ್ತದೆ. ತುಮಕೂರು ಜಿಲ್ಲೆಯಲ್ಲಿ 2019–20ರಲ್ಲಿ ಚಿರತೆಯ ದಾಳಿಗೆ ಮಕ್ಕಳೂ ಸೇರಿ ಹಲವರು ಬಲಿಯಾದದ್ದನ್ನು ಮರೆತು ವನ್ಯಜೀವಿಪ್ರೇಮದ ಮಾತಾಡುವುದು ಸರಿಯಲ್ಲ. ಆದರೆ ಚಿರತೆ ಕಂಡ ತಕ್ಷಣ ‘ಹಿಡಿದು ದೂರ ಬಿಡಿ’ ಎನ್ನುವುದೂ ಪರಿಹಾರವಲ್ಲ. ಮಹಾರಾಷ್ಟ್ರದ ಜುನ್ನಾರ್‌ನಲ್ಲಿ ಹಾಗೆ ಹಿಡಿದು ಬೇರೆ ಕಾಡುಗಳಿಗೆ ಬಿಟ್ಟಾಗ, ಬಿಟ್ಟ ಜಾಗಗಳ ಸುತ್ತ ಜನರ ಮೇಲಿನ ದಾಳಿ ಹೆಚ್ಚಿದ್ದನ್ನು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ತಮ್ಮ ಅಧ್ಯಯನದಲ್ಲಿ ತೋರಿಸಿದರು. ಗೊತ್ತಿಲ್ಲದ ನೆಲದಲ್ಲಿ ದಿಕ್ಕುಗೆಟ್ಟ ಚಿರತೆ, ಗೊತ್ತಿರುವ ನೆಲದ ಚಿರತೆಗಿಂತ ಅಪಾಯಕಾರಿ. ಕೊಟ್ಟಿಗೆಗೆ ಭದ್ರ ಬಾಗಿಲು, ಬೀದಿಗೆ ದೀಪ, ಕೋಳಿಯಂಗಡಿಯ ತ್ಯಾಜ್ಯಕ್ಕೆ ಸರಿಯಾದ ವಿಲೇವಾರಿ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಯಲಿಗೆ ಕಳಿಸದಿರುವುದು, ಇವೇ ಕೆಲಸಕ್ಕೆ ಬರುವ ಕ್ರಮಗಳು.

ರಾತ್ರಿಯಲ್ಲಿ ಟಾರ್ಚ್ ಹಿಡಿದರೆ ಪ್ರಾಣಿಗಳ ಕಣ್ಣು ಹೊಳೆಯುವುದನ್ನು ಹಳ್ಳಿಯವರೆಲ್ಲ ನೋಡಿರುತ್ತಾರೆ. ಅಕ್ಷಿಪಟಲದ ಹಿಂದಿನ ಕನ್ನಡಿಯಂಥ ಪದರ, ಒಮ್ಮೆ ಹಾದುಹೋದ ಬೆಳಕನ್ನು ಮತ್ತೆ ಒಳಕ್ಕೆ ತಿರುಗಿಸುತ್ತದೆ. ಮಂದ ಬೆಳಕಲ್ಲಿ ಎರಡು ಸಲ ನೋಡುವ ಅವಕಾಶ ಅದು. ಹುಣಸೆ, ಹೊಂಗೆಯ ಕೊಂಬೆಗಳ ನಡುವೆ ಒಂದಕ್ಕೊಂದು ತೀರ ಹತ್ತಿರವಿರುವ ಎರಡು ಕೆಂಡದ ಚುಕ್ಕಿ ನಿಧಾನಕ್ಕೆ ಸರಿದರೆ ಅದು ಕಾಡುಪಾಪ ಇರಬಹುದು. ತುಮಕೂರಿನ ಬಳಿಯ ನಾಗವಲ್ಲಿ ಗ್ರಾಮ ಕಾಡುಪಾಪಗಳಿಗೇ ಹೆಸರಾಗಿದೆ. ಟಾರ್ಚಿನ ಗಾಜಿಗೆ ಕೆಂಪು ಹಾಳೆ ಅಂಟಿಸಿಕೊಳ್ಳಿ, ಆ ದೊಡ್ಡ ಕಣ್ಣುಗಳಿಗೆ ಬಿಳಿಬೆಳಕು ಹಿಂಸೆ.

ಬೆಟ್ಟ ಬಿಟ್ಟು ಬಯಲಿಗೆ ಬಂದರೆ ನೋಡುವ ಕ್ರಮವೇ ಬದಲಾಗುತ್ತದೆ. ಮಧುಗಿರಿ ತಾಲ್ಲೂಕಿನ ಈಶಾನ್ಯಕ್ಕೆ, ಆಂಧ್ರದ ಗಡಿಗೆ ತಾಗಿ ಮೈದನಹಳ್ಳಿಯ ಹುಲ್ಲುಗಾವಲಿದೆ. 2007ರಲ್ಲಿ ಇದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 798 ಎಕರೆಯ ಸಣ್ಣ ಜಾಗ, ಆದರೆ ರಾಣೆಬೆನ್ನೂರನ್ನು ಬಿಟ್ಟರೆ ರಾಜ್ಯದಲ್ಲಿ ಕೃಷ್ಣಮೃಗಗಳ ದೊಡ್ಡ ನೆಲೆ ಇದೇ. ಕೃಷ್ಣಮೃಗಕ್ಕೆ ಮರೆ ಬೇಡ, ಮರೆಯೇ ಅದಕ್ಕೆ ಅಪಾಯ. ತಲೆಯ ಬದಿಗಿರುವ ಕಣ್ಣುಗಳಿಂದ ಸುತ್ತಲೂ ನೋಡಿ, ಗಂಟೆಗೆ 80 ಕಿಲೊಮೀಟರ್ ವೇಗದಲ್ಲಿ ಓಡುವುದು ಅದರ ರಕ್ಷಣೆ. ಇಂದಿನ ಯಾವ ಶತ್ರುವಿನಿಂದ ತಪ್ಪಿಸಿಕೊಳ್ಳಲೂ ಅಷ್ಟು ವೇಗ ಬೇಕಿಲ್ಲ. ಹಿಂದೆ ಇಲ್ಲಿದ್ದ ಚೀತಾದ ಕಾಲದ ಓಟವನ್ನು ಅದು ಇಂದಿಗೂ ಮೈಯಲ್ಲಿ ಉಳಿಸಿಕೊಂಡಿದೆ. ಪ್ರಾಯದ ಗಂಡಿನ ಬೆನ್ನು ಕಡುಗಪ್ಪು, ಹೊಟ್ಟೆ ಬಿಳಿ, ಕೊಂಬು ತಿರುಪಿನಾಕಾರ. ಹೆಣ್ಣಿಗೆ ಕೊಂಬಿಲ್ಲ, ಬಣ್ಣ ತಿಳಿಗಂದು. ಗಂಡು ತನ್ನ ಸರಹದ್ದಿನಲ್ಲಿ ಒಂದೇ ಕಡೆ ಮತ್ತೆ ಮತ್ತೆ ಹಿಕ್ಕೆ ಹಾಕಿ ರಾಶಿ ಮಾಡುತ್ತದೆ. ಕಣ್ಣಿನ ಬಳಿಯ ಗ್ರಂಥಿಯ ಕಪ್ಪು ಸ್ರಾವವನ್ನು ಹುಲ್ಲಿನ ತುದಿಗೆ ಸವರುತ್ತದೆ. ವಾಹನದಿಂದ ಇಳಿಯದೆ ನೋಡಿದರೆ ಇದೆಲ್ಲ ಕಾಣುತ್ತದೆ, ಇಳಿದು ನಡೆದರೆ ಬೆನ್ನು ಮಾತ್ರ ಕಾಣುತ್ತದೆ.

ಈ ಬಯಲಿನ ಒಂದು ಭಾಗದಲ್ಲಿ ನೀಲಗಿರಿ ನೆಟ್ಟರು. ಹುಲ್ಲನ್ನೇ ನಂಬಿದ ಪ್ರಾಣಿಯ ನೆಲದಲ್ಲಿ ಮರ ನೆಡುವುದು ಕಾಡು ಬೆಳೆಸಿದಂತಲ್ಲ, ಮನೆ ಕಿತ್ತುಕೊಂಡಂತೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬಂದು ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುವ ಸೆಳೆವಗಳಿಗೂ, ನೆಲದಲ್ಲೇ ಗೂಡು ಮಾಡುವ ನೆಲಗುಬ್ಬಿ, ಗೌಜಲಹಕ್ಕಿ, ಬುರ್ಲಿಗಳಿಗೂ ಇದು ಅನ್ವಯಿಸುತ್ತದೆ. ಮೀಸಲಿನ ಸುತ್ತ ಶೇಂಗಾ ಬೆಳೆಯುವ ರೈತನ ಸಂಕಟ ಬೇರೆ: ರಾತ್ರಿ ಬಂದು ಮೇಯುವ ಹಿಂಡಿಗೆ ಗಡಿ ಗೊತ್ತಿಲ್ಲ. ಬೆಳೆ ಪರಿಹಾರ ಸಕಾಲಕ್ಕೆ ಅವನ ಕೈಸೇರದಿದ್ದರೆ ಕೃಷ್ಣಮೃಗ ಉಳಿಯದು.

ಪಾವಗಡದ ಕಡೆ ಬಯಲಿನ ಇನ್ನೊಂದು ಬದಲಾವಣೆ ನಡೆದಿದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಮಳೆಯನ್ನೇ ಕಾಣದ ರೈತರಿಗೆ ಜಮೀನಿನ ಬಾಡಿಗೆ ಆಸರೆಯಾಗಿದೆ, ಬಿಸಿಲಿನ ವಿದ್ಯುತ್ತು ದೇಶಕ್ಕೆ ಬೇಕು. ಆದರೆ ಅಂಥ ಜಾಗವನ್ನು ಗುರುತಿಸುವ ಮೊದಲು ಅಲ್ಲಿ ತೋಳ, ಗುಳ್ಳೆನರಿ, ನೆಲಹಕ್ಕಿಗಳು ಎಷ್ಟಿವೆ ಎಂದು ಎಣಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ದೇಶದ ಅಧಿಕೃತ ಬಂಜರುಭೂಮಿ ನಕಾಶೆಗಳಲ್ಲಿ ಕುರುಚಲು ನೆಲವೂ ಬರಿಬಂಡೆಯೂ ಬಂಜರಿನ ಪಟ್ಟಿಯಲ್ಲೇ ಬರುತ್ತವೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡನ್ನೂ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ತಂಡ ಅಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿದಾಗ ಚಿಂಕಾರ ಎಂಬ ಹುಲ್ಲೆ ಸಿಕ್ಕಿತು. 2019ರಲ್ಲಿ 136 ಚದರ ಕಿಲೊಮೀಟರ್ ಪ್ರದೇಶ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮವಾಯಿತು. ನೋಡಿದವರಿದ್ದರೆ ನೆಲ ಉಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಅದೇ ಶಿರಾ ತಾಲ್ಲೂಕಿನ ಕಗ್ಗಲಡು ಇನ್ನೊಂದು ಸಾಕ್ಷಿ. ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಮತ್ತು ಬೂದು ಬಕಗಳು ಗೂಡು ಕಟ್ಟುತ್ತವೆ. ತುಮಕೂರಿನ ಹವ್ಯಾಸಿ ಪಕ್ಷಿವೀಕ್ಷಕರು 1999ರಲ್ಲಿ ಇದನ್ನು ಗುರುತಿಸಿದ ಮೇಲೆ ಕೊಕ್ಕರೆ ಬೆಳ್ಳೂರಿನ ನಂತರ ದಕ್ಷಿಣದಲ್ಲಿ ಈ ಊರಿನ ಹೆಸರೇ ಕೇಳಿಬರತೊಡಗಿತು. ಮನೆಯ ಜಗಲಿಯಿಂದಲೇ ಗೂಡಿನ ಮರಿ ಕಾಣುತ್ತದೆ, ಹಿಕ್ಕೆಯ ವಾಸನೆಯೂ ಮೂಗಿಗೆ ಬಡಿಯುತ್ತದೆ. ಊರವರು ಅದನ್ನು ಸಹಿಸಿಕೊಂಡು ಹಕ್ಕಿಗಳನ್ನು ಕಾಯುತ್ತಿದ್ದಾರೆ.

ಇವು ಬೇಸಿಗೆಯಲ್ಲಿ ಮರಿ ಮಾಡುವುದೇಕೆ? ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ನೋಡಿ ಹಿಡಿಯುವುದಿಲ್ಲ. ಕೊಕ್ಕನ್ನು ಅರ್ಧ ತೆರೆದು ಕಲಕು ನೀರಲ್ಲಿ ಅದ್ದಿ, ಅತ್ತಿತ್ತ ಆಡಿಸುತ್ತ, ಕಾಲಿನಿಂದ ಕೆಸರು ಕೆದಕುತ್ತ ನಡೆಯುತ್ತದೆ. ಮೀನು ಕೊಕ್ಕಿಗೆ ತಾಗಿದೊಡನೆ ಕೊಕ್ಕು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಮೆರಿಕದಲ್ಲಿರುವ ಇದರ ಹತ್ತಿರದ ಬಂಧು, ಮರಕೊಕ್ಕರೆಯಲ್ಲಿ ವಿಜ್ಞಾನಿಗಳು ಈ ವೇಗವನ್ನು ಅಳೆದಿದ್ದಾರೆ: 25 ಮಿಲಿಸೆಕೆಂಡು, ಅಂದರೆ ಸೆಕೆಂಡಿನ 40ನೇ ಒಂದು ಭಾಗ. ಹೀಗೆ ತಡಕಿ ಹಿಡಿಯಲು ನೀರು ಆಳವಿರಬಾರದು, ಮೀನು ಒತ್ತೊತ್ತಾಗಿರಬೇಕು. ಕೆರೆಗಳು ಬತ್ತುತ್ತ ಬಂದು, ಇದ್ದ ಮೀನೆಲ್ಲ ಸಣ್ಣ ಮಡುಗಳಿಗೆ ಸೇರುವ ದಿನಗಳು ಮರಿಗಳಿಗೆ ಉಣಿಸಲು ಹೇಳಿ ಮಾಡಿಸಿದವು. ಕೆರೆ ಪೂರ್ತಿ ಒಣಗಿದರೂ ಕಷ್ಟ, ಬೇಸಿಗೆಯಲ್ಲಿ ಅಂಚು ಮುಳುಗುವಷ್ಟು ತುಂಬಿದ್ದರೂ ಕಷ್ಟ. ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಹೇಮಾವತಿಯ ನೀರು ಬರುವುದು ನಮಗೆ ಸಂತೋಷ. ಯಾವುದಾದರೂ ಒಂದು ಅಂಚಿನಲ್ಲಿ ಮೊಣಕಾಲುದ್ದದ ನೀರು ಉಳಿಸಿಕೊಡುವ ಬಗ್ಗೆ ನೀರಾವರಿಯವರೂ ಯೋಚಿಸಬೇಕು.

ದುಬಾರಿ ಕ್ಯಾಮೆರಾ ಇಲ್ಲದಿದ್ದರೂ ನೋಡಲು ಅಡ್ಡಿಯಿಲ್ಲ. ಎಂಟು ಅಥವಾ ಹತ್ತು ಪಟ್ಟಿನ ಒಂದು ಬೈನಾಕ್ಯುಲರ್, ಒಂದು ನೋಟ್‌ಬುಕ್, ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಸಾಕು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ, ಅದು ಎದುರಾಳಿ ಬಂತೆಂದು ಮರಿಗಳನ್ನು ಬಿಟ್ಟು ಬರುತ್ತದೆ. ಗೂಡಿನ, ಗೂಬೆಯ, ಕಾಡುಪಾಪದ ಜಾಗವನ್ನು ವಾಟ್ಸಾಪ್ ಗುಂಪುಗಳಲ್ಲಿ ಹಾಕಬೇಡಿ, ಕಳ್ಳರೂ ಓದುತ್ತಾರೆ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದದ್ದು ಕಂಡರೆ ಹತ್ತಿರದ ಅರಣ್ಯ ಕಚೇರಿಗೆ ಕೂಡಲೇ ತಿಳಿಸಿ. ಹುಲ್ಲಿನೊಂದಿಗೆ ಗೌಜಲಹಕ್ಕಿಯ ಮೊಟ್ಟೆ, ನಕ್ಷತ್ರ ಆಮೆ, ಮೊಲದ ಮರಿ ಎಲ್ಲ ಸುಡುತ್ತವೆ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಜನಸಾಮಾನ್ಯರು ತಮ್ಮೂರಿನ ಹಕ್ಕಿಗಳನ್ನು ಎಣಿಸಿ ಇಬರ್ಡ್ ಎಂಬ ಜಾಲಕ್ಕೆ ಸೇರಿಸುತ್ತಾರೆ. ಕನಿಷ್ಠ 15 ನಿಮಿಷ ನೋಡಿದರೂ ಸಾಕು, ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಕೆರೆಗಳಿಂದ ಪಟ್ಟಿಗಳು ರಾಶಿ ರಾಶಿ ಹೋಗುತ್ತವೆ. ಈ ಸಲ ಮಧುಗಿರಿಯ ಚೋಳೇನಹಳ್ಳಿ ಕೆರೆ ಏರಿಯಿಂದ, ಚನ್ನರಾಯನದುರ್ಗದ ಬುಡದಿಂದ, ಪಾವಗಡದ ಹೊಲದ ಬದುವಿನಿಂದ ಒಂದೊಂದು ಪಟ್ಟಿ ಕಳಿಸಿ. ಜೊತೆಗೆ ನಿಮ್ಮೂರಿನ ಶಾಲೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.